ಉಗ್ರಾಣದ ಬಲ್ಬು, ಹನ್ನೊಂದು ಸಲದ ಕತ್ತಲೆ

ಮೇ 12, ಸೋಮವಾರ, ಬೆಳಗ್ಗೆ 8:10. ಕಾಗವಾಡದಿಂದ ಬಂದ ವಾಯರ್‌ಮನ್ ನಮ್ಮ ಪಡಸಾಲೆಯ ಗೋಡೆಗೆ ಮೊದಲ ಉಳಿ ಇಟ್ಟ ಹೊತ್ತು. ದಿನಚರಿಯಲ್ಲಿ ಅದರ ಕೆಳಗೇ ಅಜ್ಜನ ಮೊದಲ ಮಾತನ್ನೂ ಬರೆದಿಟ್ಟಿದ್ದೇನೆ: "ಗ್ವಾಡಿ ಏನ್ ತಪ್ಪ ಮಾಡೇತ್ರಿ?"

ಉಗಾರ ಬುದ್ರುಕದ ನಮ್ಮ ಮನೆಯದು ಎರಡು ಮೊಳ ದಪ್ಪದ ಮಣ್ಣಿನ ಗೋಡೆ. ಕರೆಂಟು ಬಂದಾಗಿನಿಂದ ಅದೇ ಕಟ್ಟಿಗೆ ಪಟ್ಟಿ, ಅದೇ ವೈರು, ಮರದ ಹಲಗೆಯ ಮೇಲೆ ಅದೇ ಪಿಂಗಾಣಿ ಫ್ಯೂಜು. ಫ್ಯೂಜು ಹೋದರೆ ಅಜ್ಜ ಕೈಗೆ ಸಿಕ್ಕ ತಂತಿ ಸುತ್ತಿ ಮತ್ತೆ ಸಿಕ್ಕಿಸುತ್ತಿದ್ದ. ಅದು ಅವನ ಕೆಲಸ, ಬೇರೆಯವರು ಮುಟ್ಟುವಂತಿರಲಿಲ್ಲ. ಏಪ್ರಿಲ್‌ನಲ್ಲಿ ಅವ್ವನಿಗೆ ಬಚ್ಚಲಮನೆಯ ಸ್ವಿಚ್ಚು ಶಾಕ್ ಹೊಡೆಯಿತು. ಬಲಗೈ ಮಧ್ಯಾಹ್ನದವರೆಗೆ ಜೋಮು ಹಿಡಿದಿತ್ತು. ಆಮೇಲೆ ಅವಳು ಮನೆಯ ಎಲ್ಲ ಸ್ವಿಚ್ಚುಗಳನ್ನೂ ಲಟ್ಟಣಿಗೆಯ ತುದಿಯಿಂದಲೇ ಒತ್ತತೊಡಗಿದಳು. ಚಪಾತಿ ಲಟ್ಟಿಸುವಾಗ ಮಾತ್ರ ಲಟ್ಟಣಿಗೆಗೆ ಅದರ ಮೂಲ ಕೆಲಸ. ಅದನ್ನು ನೋಡಲಾಗದೆ ನಾನೇ ಅಪ್ಪನ ಬೆನ್ನು ಹತ್ತಿ ವಾಯರ್‌ಮನ್‌ನನ್ನು ಕರೆಸಿದೆ.

ಮೂರು ದಿನದ ಕೆಲಸದ ಲೆಕ್ಕ ಹೀಗಿದೆ. ಹೊಸ ವೈರು ಎಳೆದ ದೀಪಗಳು ಹದಿನಾಲ್ಕು. ಹಳೆ ಪಟ್ಟಿಯೊಳಗೆ ಸಿಕ್ಕ ಒಣಗಿದ ಹಲ್ಲಿಗಳು ಎರಡು. ಅಜ್ಜ ಕೊಟ್ಟ ಸಲಹೆಗಳು ಮೂವತ್ತೊಂದು, ಅವುಗಳಲ್ಲಿ ವಾಯರ್‌ಮನ್ ಒಪ್ಪಿದ್ದು ಒಂದೇ ಒಂದು. "ಉಗ್ರಾಣಕ್ಕ ಹೊಸಾ ವೈರ್ ಬ್ಯಾಡ. ಹೊತ್ತ ಮುಣಗಿದ ಮ್ಯಾಗ ಅಲ್ಲಿ ಯಾರ ಹೋಗ್ತಾರ?" ಎಂದ ಅಜ್ಜ. ಮಾತು ಸರಿಯಾಗಿಯೇ ಇತ್ತು. ನಮ್ಮದು ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಏನೂ ತಿನ್ನುವಂತಿಲ್ಲ. ಸಂಜೆ ಆರೂಕಾಲಕ್ಕೆ ಊಟಕ್ಕೆ ಕೂತು ಆರೂ ಮುಕ್ಕಾಲಿಗೆ ಪಾತ್ರೆ ಬೋರಲು. ಆಮೇಲೆ ಕಾಳಿನ ಚೀಲ, ತಿಂಡಿಯ ಡಬ್ಬಿ ಇರುವ ಕೋಣೆಯಲ್ಲಿ ಯಾರಿಗೂ ಕೆಲಸವಿಲ್ಲ. ವಾಯರ್‌ಮನ್ ಅಲ್ಲಿಯ ಹಳೆ ವೈರನ್ನೇ ಹೊಸ ಡಬ್ಬಿಗೆ ಜೋಡಿಸಿದ.

ಆ ಹೊಸ ಡಬ್ಬಿ ನನಗೆ ಬಹಳ ಹಿಡಿಸಿತು. ಅದರಲ್ಲಿ ಸಾಲಾಗಿ ಪುಟ್ಟ ಸ್ವಿಚ್ಚುಗಳು, ಅಂಚಿನಲ್ಲಿ ಒಂದು ಅಗಲದ್ದು. ವಾಯರ್‌ಮನ್ ಅದನ್ನು ತೋರಿಸಿ ಹೇಳಿದ: "ತಂಗಿ, ಇದು ಹೋದ ಕರೆಂಟು, ತಿರುಗಿ ಬಂದ ಕರೆಂಟು ಎರಡೂ ಅಳೀತೈತಿ. ಚೂರು ಕಡಿಮಿ ಬಂತಂದ್ರ ಯಾರದೋ ಮೈಯಾಗ ಹಾದು ಹೋಗಾಕತ್ತೈತಿ ಅಂತ ತಿಳದು ಇಡೀ ಮನೀದ ಬಂದ್ ಮಾಡ್ತೈತಿ." ಅಷ್ಟು ಶಿಸ್ತಿನ ಜೀವ ನಮ್ಮ ಮನೆಯಲ್ಲಿ ಅದುವರೆಗೆ ನಾನೊಬ್ಬಳೇ ಇದ್ದೆ. ಮೇ 15ರ ಬೆಳಗ್ಗೆ ಅವ್ವ ಲಟ್ಟಣಿಗೆ ಪಕ್ಕಕ್ಕಿಟ್ಟು, ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ಬೆರಳಿಂದ ಸ್ವಿಚ್ಚು ಒತ್ತಿದಳು. ಬರೀ ದೀಪ ಹತ್ತಿತು, ಬೇರೇನೂ ಆಗಲಿಲ್ಲ.

ಅದೇ ಸಂಜೆ 7:12ಕ್ಕೆ ಇಡೀ ಮನೆ ಕತ್ತಲಾಯಿತು.

ಅದರ ಕಾರಣ ನಾನೇ. ಉಗ್ರಾಣದಲ್ಲಿ ಶೇಂಗಾ ಉಂಡಿಯ ಡಬ್ಬಿ ಎಲ್ಲಿದೆ ಎಂದು ನೋಡಲು ಬಲ್ಬು ಹಚ್ಚಿದ್ದೆ. ಹಚ್ಚಿದ್ದಕ್ಕೂ ಕತ್ತಲಾಗಿದ್ದಕ್ಕೂ ಸಂಬಂಧವಿದೆ ಎಂದು ಆಗ ತಿಳಿಯಲಿಲ್ಲ. ಎರಡನೇ ಸಲ ಅನುಮಾನ ಬಂತು. ಮೂರನೇ ಸಲ ಹೋದದ್ದು ಪರೀಕ್ಷೆಗೆ. ಉಂಡಿಯೂ ಇತ್ತು.

ಆದರೆ ನಾನು ಪಡಸಾಲೆಯಲ್ಲಿ ಕೂತಿದ್ದಾಗಲೂ ಕತ್ತಲಾಗತೊಡಗಿತು. ಆಗ ದಿನಚರಿಯಲ್ಲಿ ಹೊಸ ಕಾಲಂ ಎಳೆದೆ: ಕತ್ತಲಾದ ಮೇಲೆ ಪಡಸಾಲೆಗೆ ಕೊನೆಗೆ ಬಂದವರು ಯಾರು? ಆ ಹೊತ್ತಿಗೆ ಮನೆಯಲ್ಲಿ ಇರುವವರು ಮೂವರೇ. ಅಪ್ಪ ಹಾರೂಗೇರಿಯ ಅಂಗಡಿಯಲ್ಲೇ ಉಂಡು ಬರುವಾಗ ಎಂಟು ದಾಟಿರುತ್ತದೆ. ಕೆಲವು ಸಂಜೆ ಅಜ್ಜ ಗೋಡೆ ಹಿಡಿದುಕೊಂಡು, ಬಾಯಿ ಬಿಗಿಯಾಗಿ ಮುಚ್ಚಿಕೊಂಡು ಬರುತ್ತಿದ್ದ. "ಮತ್ತ ಹ್ವಾತೇನ ಬಾಳಾ?" ಎಂದು ನನ್ನನ್ನು ಕೇಳಲು ಅವನಿಗೆ ತುಸು ಹೊತ್ತು ಹಿಡಿಯುತ್ತಿತ್ತು. ಬಾಳಾ, ಅಂದರೆ ಮಗು, ಅವನು ನನ್ನನ್ನು ಕರೆಯುವ ಹೆಸರು. ಇನ್ನು ಕೆಲವು ಸಂಜೆ ಅವ್ವ ಬಂದು ತಾನಾಗಿಯೇ, "ಬೆಕ್ಕ ಬಂದಿತ್ತೇನ ನೋಡಾಕ ಹೋಗಿದ್ಯಾ," ಎನ್ನುತ್ತಿದ್ದಳು. ಯಾರೂ ಕೇಳಿರುತ್ತಿರಲಿಲ್ಲ.

ಮೇ 18ರಂದು ವಾಯರ್‌ಮನ್ ಬಂದು ತಾನು ಎಳೆದ ಹದಿನಾಲ್ಕನ್ನೂ ಪರೀಕ್ಷಿಸಿದ. ದೋಷ ಸಿಗಲಿಲ್ಲ. "ಉಗ್ರಾಣ ನೋಡ್ಲ್ಯಾ?" ಎಂದು ಕೇಳಿದಾಗ ಅಜ್ಜ, "ಅಲ್ಲಿ ದೀಪಾನ ಹಚ್ಚೂದಿಲ್ರಿ," ಎಂದ. ಅವ್ವ ನೆಲ ನೋಡಿದಳು. ನಾನು ಪೆನ್ಸಿಲ್ ಚೂಪು ಮಾಡಿಕೊಂಡೆ.

23ರಂದು ಹನ್ನೊಂದನೇ ಸಲ ಕತ್ತಲಾದಾಗ ಅಜ್ಜ ವಾಯರ್‌ಮನ್‌ಗೆ ಫೋನು ಮಾಡಿಸಿದ. ಭಾನುವಾರ ಬಂದು ಹೊಸ ಡಬ್ಬಿ ಕಿತ್ತುಕೊಂಡು ಹೋಗಿರಿ, ಹಳೆಯದನ್ನೇ ಹಚ್ಚಿರಿ ಎಂದು.

ಮೇ 25, ಭಾನುವಾರ, ಮಧ್ಯಾಹ್ನ 3:05. ವಾಯರ್‌ಮನ್ ಚೀಲ ಬಿಚ್ಚದೆ ಕೂತ. ಅಜ್ಜ ಮಂಚದ ಕೆಳಗಿನಿಂದ ಹಳೆ ಹಲಗೆ ತಂದು ಧೂಳು ಒರೆಸಿದ. "ಇದು ಇಷ್ಟು ವರ್ಷದಾಗ ಒಮ್ಮಿನೂ ಹಿಂಗ ಮಾನಾ ಕಳದಿಲ್ಲ."

"ಅಜ್ಜಾರ, ಮನೀಗೆ ಬೆಂಕಿ ಹತ್ತಿದ್ರೂ ಅದು ಸುಮ್ನ ಕೂಡ್ತೈತ್ರಿ," ಎಂದ ವಾಯರ್‌ಮನ್.

"ಕೂಡ್ಲಿ. ಹಿರ್ಯಾರು ಹಂಗ ಕೂಡ್ತಾರ."

ಅಷ್ಟರಲ್ಲಿ ಅವ್ವ ಅಡುಗೆಮನೆಯಿಂದ ಹೊರಬಿದ್ದು ಬಚ್ಚಲ ಕಡೆ ನಡೆದಳು. ಕೈಯಲ್ಲಿ ಲಟ್ಟಣಿಗೆ. ಡಬ್ಬಿ ಇನ್ನೂ ಗೋಡೆಯ ಮೇಲೇ ಇತ್ತು, ಅವಳು ಆಗಲೇ ಹಳೆ ರೂಢಿಗೆ ತಯಾರಾಗಿದ್ದಳು. ನನಗೆ ಇನ್ನು ಸುಮ್ಮನಿರಲು ಆಗಲಿಲ್ಲ.

"ಅಜ್ಜಾ, ಉಗ್ರಾಣದ ಬಲ್ಬ್ ಹಚ್ಚಿದ್ರ ಹೋಗ್ತೈತಿ."

"ನಿನಗ ಹೆಂಗ ಗೊತ್ತು?"

"ನಾ ಹಚ್ಚೇನಿ. ಮೂರ ಸಲ."

"ಹೊತ್ತ ಮುಣಗಿದ ಮ್ಯಾಗ ನಿನಗ ಅಲ್ಲೇನ ಕೆಲಸ?"

"ಶೇಂಗಾ ಉಂಡಿ."

ವಾಯರ್‌ಮನ್ ತೊಲೆ ನೋಡತೊಡಗಿದ. ಅವನಿಗೆ ನಮ್ಮ ಮನೆಯ ನೇಮ ಗೊತ್ತಿತ್ತು. ಆಮೇಲೆ ಎದ್ದು ಉಗ್ರಾಣಕ್ಕೆ ಹೋಗಿ ಸ್ವಿಚ್ಚು ಒತ್ತಿದ. ಪಡಸಾಲೆಯ ಫ್ಯಾನು ನಿಂತಿತು. ಸ್ವಿಚ್ಚಿನ ಮುಚ್ಚಳ ಬಿಚ್ಚಿ, ಸ್ಟೂಲು ಹಾಕಿ, ಟಾರ್ಚು ಹಿಡಿದು ನೋಡಿ ಬಂದ. "ಸಿಕ್ಕಿತ್ರಿ. ಬಲ್ಬಿಂದ ತಿರುಗಿ ಬರೂ ವೈರನ್ನ ನೀರಿನ ಮೋಟರಿನ ಅರ್ಥಿಂಗ್ ತಂತಿಗೆ ಸುತ್ಯಾರ. ಕರೆಂಟು ಡಬ್ಬೀಗೆ ತಿರುಗಿ ಬರದ ನೆಲಕ್ಕ ಹೋಗಾಕತ್ತೈತಿ. ಯಾರ ಮಾಡಿದ ಕೆಲಸರೀ ಇದು?"

ಅಜ್ಜ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ. "ಬಲ್ಬಂತೂ ಹತ್ತಿತ್ತಲ್ರಿ," ಎಂದ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ವಾಯರ್‌ಮನ್ ನನ್ನಷ್ಟೇ ಲೆಕ್ಕದ ಮನುಷ್ಯ. "ತಂಗಿ, ಫೋನಿನಾಗ ಒಟ್ಟ ಹನ್ನೊಂದ ಸಲ ಅಂದ್ರಿ. ಮೂರು ನಿಂದು. ಉಳದ ಎಂಟು ಎಲ್ಲಿಂದ ಬಂದಾವು? ಬ್ಯಾರೆ ಕಡೆ ದೋಷ ಇದ್ರ ನಾ ಗ್ವಾಡಿ ಮತ್ತ ಒಡೀಬೇಕಾಗ್ತೈತಿ. ಇಲ್ಲಾ ಡಬ್ಬಿ ಕೀಳಬೇಕಾಗ್ತೈತಿ."

ನಾನು ದಿನಚರಿಯ ಪುಟದ ಮೇಲೆ ಅಂಗೈ ಇಟ್ಟುಕೊಂಡೆ. ಅದರಲ್ಲಿ ಎಲ್ಲ ಇತ್ತು. ಓದುವುದು ನನ್ನ ಕೆಲಸ ಅಲ್ಲ ಅನ್ನಿಸಿತು.

"ಮೂರು ನಂದ್ರಿ," ಎಂದಳು ಅವ್ವ. ಬಚ್ಚಲ ಬಾಗಿಲಲ್ಲಿ ನಿಂತಿದ್ದಳು. "ಅವಲಕ್ಕಿ ಚೂಡಾ," ಎಂದು ಸೇರಿಸಿದಳು.

ಅಜ್ಜ ಸೊಸೆಯನ್ನು ನೋಡಿದ. ಅವಳ ಕೈಯಲ್ಲಿದ್ದ ಲಟ್ಟಣಿಗೆಯನ್ನು ನೋಡಿದ. ನೋಡುತ್ತಲೇ ಇದ್ದ. ಕೊನೆಗೆ ಹಳೆ ಹಲಗೆಯನ್ನು ಕಾಲಿನಿಂದ ಮಂಚದ ಕೆಳಗೆ ಸರಿಸಿದ.

"ಬಾಳಾ, ನಾಕ ನಂದು ಬರ್ಕೋ."

"ಬರದೇನಿ ಅಜ್ಜಾ."

"ಯಾವಾಗ ಬರದಿ?"

"ಆಯಾ ದಿನಾನ."

ಅಜ್ಜ ವಾಯರ್‌ಮನ್ ಕಡೆ ತಿರುಗಿ, ಉಗ್ರಾಣಕ್ಕೂ ಹೊಸ ವೈರು ಎಳೆಯಿರಿ, ಡಬ್ಬಿ ಇರಲಿ ಎಂದ. ಸ್ವಿಚ್ಚು ಬಾಗಿಲ ಹೊರಗೋ ಒಳಗೋ ಎಂದು ಅವನು ಕೇಳಿದ್ದಕ್ಕೆ, "ಒಳಗ. ಹೊರಗ ಕೂತವರಿಗೆ ಯಾಕ ಸುಮ್ನ ಸಪ್ಪಳ," ಎಂದು ಎದ್ದು ಹೋದ. ಕೆಲಸ 5:20ಕ್ಕೆ ಮುಗಿಯಿತು. ಆರೂಕಾಲಕ್ಕೆ ಊಟಕ್ಕೆ ಕೂತಾಗ ಮೂವರೂ ಎಂದಿಗಿಂತ ಒಂದೊಂದು ಚಪಾತಿ ಹೆಚ್ಚು ತಿಂದೆವು. ಆ ಸಂಜೆಯಿಂದ ಇಲ್ಲಿಯವರೆಗೆ ಡಬ್ಬಿ ಬಂದ್ ಆಗಿಲ್ಲ.

ಲೆಕ್ಕ ಮಾತ್ರ ಕೂಡಲಿಲ್ಲ. ನನ್ನವು ಮೂರು, ಅವ್ವನವು ಮೂರು, ಅಜ್ಜನವು ನಾಲ್ಕು, ಸೇರಿ ಹತ್ತು. ಮೇ 21, ಸಂಜೆ 7:25ರ ಕತ್ತಲೆ ಉಳಿಯುತ್ತದೆ. ಆಗ ಮೂವರೂ ಪಡಸಾಲೆಯಲ್ಲಿ ಎದುರುಬದುರು ಕೂತಿದ್ದೆವು, ಉಗ್ರಾಣಕ್ಕೆ ಹೊರಗಿನಿಂದ ಚಿಲಕ ಹಾಕಿತ್ತು. ಗೋಡೆಯೊಳಗಿನ ಥಂಡಿ, ಅಂದರೆ ತೇವ, ಇರಬಹುದು ಎನ್ನುತ್ತಾನೆ ವಾಯರ್‌ಮನ್. ಮೇ ತಿಂಗಳಲ್ಲಿ ಎಲ್ಲಿಯ ಥಂಡಿ? ಹಳೆ ಮನೆ, ಹೊಸ ಡಬ್ಬಿ ಇರುವವರು ಯಾರಾದರೂ ಇಂಥದ್ದನ್ನು ಕಂಡಿದ್ದರೆ, ಕಾರಣ ಗೊತ್ತಿದ್ದರೆ, ದಯವಿಟ್ಟು ನನಗೊಂದು ಸಾಲು ಬರೆಯಿರಿ. ನಿಮ್ಮಲ್ಲಿ ಎಷ್ಟು ಗಂಟೆಗೆ ಹೋಯಿತು, ಆಗ ಮನೆಯಲ್ಲಿ ಯಾರು ಎಲ್ಲಿದ್ದರು ಎಂಬುದನ್ನೂ ಬರೆದರೆ ಉಪಕಾರ.