ಮಗ್ದಲೀನ್ ಬಾಯಿ ಹಂಚಿಗೆ ಹಾಕಿದ ಗುರ್ತು

ಮಗ್ದಲೀನ್ ಬಾಯಿ ಬಂದರೆಂದರೆ ಕಂಕನಾಡಿ ಮಾರ್ಕೆಟಿನ ಕಲ್ಲಂಗಡಿ ವ್ಯಾಪಾರಿಗಳ ಮುಖ ಹುಳ್ಳಗಾಗುತ್ತದೆ. ಎಪ್ಪತ್ತೊಂದರ ಈ ಹೆಂಗಸು ಹಣ್ಣನ್ನು ಎತ್ತಿ ನೋಡುವುದಿಲ್ಲ, ಮೂಸುವುದಿಲ್ಲ. ಬಲಗೈಯ ನಡುಬೆರಳ ಗೆಣ್ಣಿನಿಂದ ಟಕ್ ಎಂದು ಒಂದು ಬಡಿತ, ಅಷ್ಟೆ. ಬೇಡ ಎಂದು ತಲೆಯಾಡಿಸಿದರೆ ಮುಗಿಯಿತು, ಪಕ್ಕದಲ್ಲಿ ನಿಂತ ನಾಲ್ಕು ಗಿರಾಕಿಗಳೂ ಆ ಹಣ್ಣನ್ನು ಮುಟ್ಟುವುದಿಲ್ಲ. ತೆಂಗಿನಕಾಯಿ, ಮಣ್ಣಿನ ಮಡಕೆ, ಮೊಮ್ಮಕ್ಕಳ ತಲೆ, ಯಾವುದಕ್ಕೂ ರಿಯಾಯಿತಿ ಇಲ್ಲ.

ಇದು ಚಟವಲ್ಲ, ಕಸುಬು. ಹದಿನಾರನೇ ವಯಸ್ಸಿಗೆ ಬಾಯಿ ನೇತ್ರಾವತಿ ದಂಡೆಯ ಹಂಚಿನ ಕಾರ್ಖಾನೆಗೆ ಸೇರಿದವರು. ಭಟ್ಟಿಯಿಂದ ಬಂದ ಹಂಚನ್ನು ಬಡಿದು ನೋಡುವುದು ಅವರ ಕೆಲಸ. ಗಟ್ಟಿ ಹಂಚು ‘ಣಿಣ್’ ಎನ್ನುತ್ತದೆ, ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ‘ದಬ್’ ಎನ್ನುತ್ತದೆ. ದಬ್ ಎಂದದ್ದನ್ನು ಅಲ್ಲೇ ನೆಲಕ್ಕೆ ಕುಕ್ಕಿ ಒಡೆಯಬೇಕು. ಮೂವತ್ತೆರಡು ವರ್ಷ ಬಡಿದರು. ಊರಿನವರೆಲ್ಲ ಹಂಚು ಇಳಿಸಿ ಟೆರೇಸ್ ಹಾಕತೊಡಗಿದ ಮೇಲೆ ಕಾರ್ಖಾನೆಗೆ ಬೀಗ ಬಿತ್ತು. ಬಾಯಿಯ ಮಗ ಮರ್ವಿನ್ ಕೂಡ ದುಬೈಯ ದುಡಿಮೆಯಲ್ಲಿ ಮನೆಗೆ ಟೆರೇಸ್ ಹಾಕಿಸಿದ. ಆ ದಿನ ಅತ್ತೆ ಊಟವನ್ನೇ ಮಾಡಲಿಲ್ಲ ಎಂದು ಸೊಸೆ ಈಗಲೂ ಹೇಳಿ ನಗುತ್ತಾಳೆ. ನಗುವ ಮಾತೇ ಅದು!

ಹೀಗಿರುವಾಗ ಕೊಡಿಯಾಲ್‌ಬೈಲಿನಲ್ಲಿ ಒಂದು ಗಲಾಟೆ ಎದ್ದಿತು. ಅಲ್ಲಿ ಒಂದು ಟ್ರಸ್ಟಿಗೆ ಸೇರಿದ ಹಳೆಯ ಓದುವ ಹಾಲ್ ಉಂಟು, ಮೂರು ಸಾವಿರ ಹಂಚು ಹೊದಿಸಿದ ಮಾಡು, ನೂರು ವರ್ಷ ದಾಟಿದೆ. ಅದರ ಹಿಂದಿನ ಜಾಗದಲ್ಲಿ ಆರು ಮಹಡಿಯ ಹೊಸ ಲೈಬ್ರರಿ ಏಳಲಿತ್ತು, ಹಳೆಯದನ್ನು ಕೆಡವಬೇಕೋ ಉಳಿಸಬೇಕೋ ಎಂಬುದೇ ಜಗಳ. ಟ್ರಸ್ಟಿನ ಅಧ್ಯಕ್ಷ ಒಸ್ವಾಲ್ಡರಿಗೆ ಹಳೆಯದರ ಮೇಲೆ ದ್ವೇಷವೇನಿಲ್ಲ, ಆದರೆ ಮಕ್ಕಳು ಓದುವ ಜಾಗ ಸೋರಬಾರದು ಎಂಬುದು ಅವರ ಒಂದೇ ಹಟ. ಸ್ವಿಟ್ಜರ್ಲೆಂಡಿನ ಒಂದು ಸಂಸ್ಥೆ ಕೈಜೋಡಿಸಲು ಮುಂದೆ ಬಂತು. ಮಂಗಳೂರಿಗೆ ಹಂಚಿನ ಕಾರ್ಖಾನೆ ತಂದದ್ದು ಅವರ ಕಡೆಯ ಮಿಷನಿನವರೇ ಅಲ್ಲವೇ, ಹಳೆಯ ಅಚ್ಚಿನ ನಕ್ಷೆಗಳೆಲ್ಲ ಅವರ ದಾಖಲೆಮನೆಯಲ್ಲಿ ಭದ್ರವಾಗಿದ್ದವು. ಕೊನೆಗೆ ಒಪ್ಪಂದವಾಯಿತು: ಹಿಂದೆ ಹೊಸ ಕಟ್ಟಡ ಏಳಲಿ, ಮುಂದೆ ಹಳೆಯ ಹಾಲ್ ಉಳಿಯಲಿ. ಮೂರು ಸಾವಿರದಲ್ಲಿ ಎರಡು ಸಾವಿರದ ನೂರು ಹಂಚಾದರೂ ಗಟ್ಟಿ ಇದ್ದರೆ ಅದೇ ಮಾಡು, ಇಲ್ಲದಿದ್ದರೆ ಬಣ್ಣದ ಶೀಟು. ಮಳೆಗೆ ಉಳಿದದ್ದು ಬರೀ ಒಂದು ತಿಂಗಳು.

ಸ್ವಿಟ್ಜರ್ಲೆಂಡಿನಿಂದ ಬಂದವಳು ಯೂಟಾ, ಹಳೆಯ ಕಟ್ಟಡಗಳ ವೈದ್ಯೆ ಎನ್ನಬಹುದು. ಆರು ತಿಂಗಳು ಪುಸ್ತಕ ಹಿಡಿದು ಕನ್ನಡ ಕಲಿತು ಬಂದಿದ್ದಳು ಪಾಪ. ಮೊದಲ ದಿನವೇ ಮಾಡಿನ ಮೇಲಿದ್ದ ಕೆಲಸದವನು ಹಂಚು ಜಾರಿತೆಂದು ತುಳುವಿನಲ್ಲಿ “ಓಡು, ಓಡು” ಎಂದು ಕೂಗಿದ. ತುಳುವಿನಲ್ಲಿ ಓಡು ಎಂದರೆ ಹಂಚು ಎಂದು ಅವಳ ಪುಸ್ತಕದಲ್ಲಿ ಎಲ್ಲಿರಬೇಕು? ಒಂದೇ ಉಸಿರಿಗೆ ಗೇಟಿನ ತನಕ ಓಡಿದಳು. ಹಂಚಿನ ಬಿರುಕು ಪತ್ತೆಮಾಡಲು ಅವಳು ತಂದ ಯಂತ್ರವೂ ಹಾಗೆಯೇ ಪ್ರಾಮಾಣಿಕ, ಆದರೆ ನಿಧಾನ: ಒಂದು ಹಂಚಿಗೆ ನಾಲ್ಕು ನಿಮಿಷ. ಎಂಜಿನಿಯರ್ ಯೋಗೀಶ್ ಲೆಕ್ಕ ಹಾಕಿ ನೋಡಿ ತಲೆಯ ಮೇಲೆ ಕೈಹೊತ್ತು ಕುಳಿತ. ಅವನನ್ನು ಸೈಟಿಗೆ ಬಿಡುತ್ತಿದ್ದ ಆಟೋದ ಅನ್ಸಾರ್ ಬಾಯಿಯ ನೆರೆಯವನು. ಇವನ ಗೋಳು ಕೇಳಿ ಕೇಳಿ ಸಾಕಾಗಿ, ಮರುದಿನ ಹೇಳದೆ ಕೇಳದೆ ಬಾಯಿಯನ್ನೇ ಆಟೋದಲ್ಲಿ ಕೂರಿಸಿಕೊಂಡು ಬಂದ.

ನಲವತ್ತು ಹಂಚು ಮುಂದಿಟ್ಟು ಪರೀಕ್ಷೆ ಮಾಡಿದರು. ಯಂತ್ರ ಎರಡೂವರೆ ಗಂಟೆಗೂ ಹೆಚ್ಚು ತೆಗೆದುಕೊಂಡಿತು, ಬಾಯಿ ಎರಡು ನಿಮಿಷ. ಮೂವತ್ತೊಂಬತ್ತರಲ್ಲಿ ಇಬ್ಬರದೂ ಒಂದೇ ಮಾತು. ನಲವತ್ತನೆಯದು ಗಟ್ಟಿ ಎಂದಿತು ಯಂತ್ರ, ಒಡಕು ಎಂದರು ಬಾಯಿ. ಯೂಟಾ ಅದರ ಮೇಲೆ ನೀರು ಹೊಯ್ದು ಕಾದಳು. ಹತ್ತು ನಿಮಿಷಕ್ಕೆ ಅಡಿಯಲ್ಲಿ ಕಪ್ಪಗೆ ಒಂದು ಗೆರೆ ಮೂಡಿತು. ಅವಳು ಯಂತ್ರವನ್ನು ಪೆಟ್ಟಿಗೆಗೆ ಹಾಕಿ, ಬಾಯಿಯ ಎದುರು ನೆಲದಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತಳು.

ಅಬ್ಬಾ, ಆ ಐದು ದಿನ! ಬಾಯಿಗೆ ಹರೆಯ ಬಂದ ಹಾಗಿತ್ತು. ಯೂಟಾ ಮೇಲೆ ನಿಂತು ಮಾಡಿನಿಂದ ಹಂಚು ಇಳಿಸಿದ ಹಾಗೆ ಬಾಯಿ ಕೆಳಗೆ ಮಣೆಯ ಮೇಲೆ ಕುಳಿತು ಟಕ್, ಟಕ್, ಟಕ್. ಹೊಸ ಕಟ್ಟಡದ ಪಾಯ ತೋಡುವ ಯಂತ್ರ ಅಂಗಳದ ಮುಕ್ಕಾಲು ಪಾಲು ನುಂಗಿತ್ತು, ಒಳ್ಳೆಯದು ಕೆಟ್ಟದ್ದು ಎಂದು ಬೇರೆ ಬೇರೆ ರಾಶಿ ಹಾಕಲು ಜಾಗವಿರಲಿಲ್ಲ. ಎಲ್ಲವನ್ನೂ ಕಾಂಪೌಂಡಿಗೆ ಒರಗಿಸಿ ಇಡುವುದು, ಆಮೇಲೆ ಗುರ್ತು ನೋಡಿ ಬೇರ್ಪಡಿಸುವುದು ಎಂದಾಯಿತು. ಯೋಗೀಶ್ ಬಾಯಿಯ ಕೈಗೆ ಒಂದು ಪೆಟ್ಟಿಗೆ ಚಾಕ್ ಕೊಟ್ಟು, ಗುರ್ತು ಹಾಕಿ ಎಂದ. ಯಾವುದಕ್ಕೆ ಯಾವ ಗುರ್ತು ಎಂದು ಅವನು ಹೇಳಲಿಲ್ಲ, ಇವರೂ ಕೇಳಲಿಲ್ಲ. ಹೇಳುವುದೇನಿದೆ ಅದರಲ್ಲಿ ಎಂದು ಇಬ್ಬರಿಗೂ ಅನಿಸಿತ್ತು.

ಶನಿವಾರ ಸಂಜೆ ಕೊನೆಯ ಹಂಚು ಬಡಿದು ಬಾಯಿ ಮನೆಗೆ ಹೋದರು. ಭಾನುವಾರ ಇಗರ್ಜಿಯಲ್ಲಿ ಸಿಕ್ಕವರಿಗೆಲ್ಲ ಹಾಲಿನ ಮಾಡು ಉಳಿಯಿತು ಎಂದು ಸಾರಿದ್ದೂ ಆಯಿತು. ಸೋಮವಾರ ಬೆಳಿಗ್ಗೆ ಹಂಚು ಮೇಲೇರುವುದನ್ನು ನೋಡಬೇಕೆಂದು ಹೊಸ ಸೀರೆ ಉಟ್ಟು ಅನ್ಸಾರನ ಆಟೋ ಹತ್ತಿ ಬಂದರೆ, ಕಾಂಪೌಂಡು ಬೋಳು ಬೋಳು. ಮೂಲೆಯಲ್ಲಿ ಟಾರ್ಪಾಲು ಹೊದಿಸಿದ ಒಂದು ಸಣ್ಣ ಅಟ್ಟಿ. ಯೂಟಾ ಅತ್ತು ಕೆಂಪಾದ ಕಣ್ಣಿನಲ್ಲಿ ನಿಂತಿದ್ದಳು. ಯೋಗೀಶ್ ತಲೆ ಎತ್ತಲಿಲ್ಲ. ಐನೂರ ನಲವತ್ತೇ ಪಾಸಾದದ್ದು, ಉಳಿದ ಎರಡು ಸಾವಿರದ ನಾನೂರ ಅರುವತ್ತೂ ಫೇಲ್, ನಿನ್ನೆಯೇ ಮೀಟಿಂಗ್ ಮುಗಿಯಿತು, ಶೀಟಿಗೆ ಆರ್ಡರ್ ಹೋಗುತ್ತದೆ ಎಂದ. ಫೇಲಾದ ಹಂಚನ್ನು ಜಪ್ಪಿನಮೊಗರಿನ ತಗ್ಗು ಜಾಗ ತುಂಬಿಸಲು ಟಿಪ್ಪರ್ ಆಗಷ್ಟೇ ಒಯ್ದಿತ್ತಂತೆ.

ಬಾಯಿ ಟಾರ್ಪಾಲು ಎತ್ತಿ ನೋಡಿದರು. ಒಂದರ ಮೇಲೂ ಚಾಕಿನ ಗುರ್ತಿರಲಿಲ್ಲ. ಮೇಲಿನ ಹಂಚನ್ನು ಬಡಿದರು. ದಬ್.

“ಇದೆಲ್ಲ ಒಡಕು ಯೋಗೀಶಾ. ಖುರಿಸ್ ಹಾಕಿದ್ದು ಎಲ್ಲಿ ಹೋಯಿತು?”

“ಕ್ರಾಸ್ ಹಾಕಿದ್ದೆಲ್ಲ ರಿಜೆಕ್ಟ್ ಅಲ್ವಾ ಬಾಯಮ್ಮ?”

“ಖುರಿಸ್ ಹಾಕಿದ ಮೇಲೆ ಅದು ಕೆಟ್ಟದ್ದು ಹೇಗಾಗ್ತದೆ ಮಾರಾಯ?”

ಮೂವರಿಗೂ ಒಮ್ಮೆಲೇ ಹೊಳೆಯಿತು. ಬಾಯಿಯ ಮನೆಯಲ್ಲಿ ಇಡ್ಲಿಯಂಥ ಸಾನ್ನಾಂ ಮಾಡಲು ಹಿಟ್ಟು ರುಬ್ಬಿಟ್ಟರೆ ಅದರ ಮೇಲೆ ಬೆರಳಿನಿಂದ ಒಂದು ಖುರಿಸ್ ಬರೆಯದೆ ಮುಚ್ಚಳ ಮುಚ್ಚುವುದಿಲ್ಲ. ಹೊಸ ಅಕ್ಕಿಗೆ ಖುರಿಸ್, ದೂರ ಹೊರಟ ಮಗನ ಹಣೆಗೆ ಖುರಿಸ್. ಒಳ್ಳೆಯದು ಒಳ್ಳೆಯದಾಗಿಯೇ ಇರಲಿ ಎಂದು ಹಾಕುವ ಶಿಲುಬೆ ಅದು. ಅವಸರದ ಕೈಯಲ್ಲಿ ಅದು ವಾರೆಯಾಗಿ, ಯೋಗೀಶನ ಕಣ್ಣಿಗೆ ಗಣಿತದ ಟೀಚರ್ ಹಾಕುತ್ತಿದ್ದ ತಪ್ಪಿನ ಗುರ್ತಾಗಿತ್ತು. ಸ್ವಿಟ್ಜರ್ಲೆಂಡಿನ ಟೀಚರುಗಳೂ ಇದರಲ್ಲಿ ಏನೂ ಬೇರೆಯಲ್ಲವಂತೆ.

“ನಾನು ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು,” ಎಂದರು ಬಾಯಿ. “ನನ್ನ ಲೆಕ್ಕಕ್ಕೆ ಯಾರೂ ಹಾಗೆ ಗುರ್ತು ಹಾಕಲಿಲ್ಲ.”

ಟಿಪ್ಪರಿನವನಿಗೆ ಫೋನ್ ಹೋಗುತ್ತಿತ್ತು, ಎತ್ತುವವರಿಲ್ಲ. ಸರಿ, ಅನ್ಸಾರನ ಆಟೋ. ಯೋಗೀಶ್ ಒಂದು ಬದಿ, ಯೂಟಾ ಒಂದು ಬದಿ, ನಡುವೆ ಬಾಯಿ. ಮೂವರೂ ಒಟ್ಟಿಗೆ ಹೋಗು ಹೋಗು ಎಂದರೆ ಅನ್ಸಾರ್ ಏನು ಹಾರುತ್ತಾನೆಯೇ? ಹಾರಿದ! ಜ್ಯೋತಿ ಸರ್ಕಲ್ಲಿನಲ್ಲಿ ಬಸ್ಸುಗಳು ಅಡ್ಡ ನಿಂತಿದ್ದರೆ ಅವುಗಳ ಸಂದಿಯಲ್ಲಿ ಸೂಜಿ ಪೋಣಿಸಿದ ಹಾಗೆ ನುಗ್ಗಿಸಿದ. ಕಂಕನಾಡಿಯಲ್ಲಿ ಸಿಗ್ನಲ್ಲು ಬಿದ್ದದ್ದೇ ಒಂದು ಒಳದಾರಿಗೆ ಇಳಿಸಿ, ಯಾರದೋ ಒಣಗಲು ಹಾಕಿದ ಬಟ್ಟೆಯನ್ನು ತಲೆಗೆ ಸವರಿಸಿಕೊಂಡು ಪಂಪ್‌ವೆಲ್ಲಿನ ಹತ್ತಿರ ಎದ್ದ. ಬಾಯಿ ಜಪಮಾಲೆ ಹಿಡಿದು ಪ್ರಾರ್ಥನೆ ಮಾಡುತ್ತಿದ್ದರು, ನಡುನಡುವೆ ಲಾರಿಯವರಿಗೆ ಕೊಂಕಣಿಯಲ್ಲಿ ಬಯ್ಯುತ್ತಲೂ ಇದ್ದರು. ದೇವರು ಎರಡನ್ನೂ ಬೇರೆ ಬೇರೆ ಇಟ್ಟು ಕೇಳಿಸಿಕೊಂಡಿರಬೇಕು.

ಜಪ್ಪಿನಮೊಗರು ಮುಟ್ಟುವಾಗ ಟಿಪ್ಪರಿನ ಹಿಂಬದಿ ಮೇಲೇಳುತ್ತಿತ್ತು. ಹಂಚು ಸರಸರನೆ ಜಾರಿ ಒಂದರ ಮೇಲೊಂದು ಬೀಳುವ ಸದ್ದು ಆಟೋದೊಳಕ್ಕೂ ಕೇಳಿಸಿತು. ಆಟೋ ಪೂರ್ತಿ ನಿಲ್ಲುವ ಮೊದಲೇ ಬಾಯಿ ಇಳಿದು, ಸೀರೆ ಎತ್ತಿ ಕಟ್ಟಿ, ಡ್ರೈವರನ ಬಾಗಿಲಿಗೆ ಎರಡೂ ಕೈಯಿಂದ ಬಡಿದರು. ಒಳಗೆ ಅವನು ಕಿವಿಗೆ ಹಾಡು ಸಿಕ್ಕಿಸಿಕೊಂಡು ಲಿವರ್ ಹಿಡಿದು ಕುಳಿತಿದ್ದ. ಮುದುಕಿಯ ಮುಖ ನೋಡಿ ಹೆದರಿ ಕೈಬಿಟ್ಟ. ಮೇಲೇಳುತ್ತಿದ್ದದ್ದು ಅಲ್ಲಿಗೇ ನಿಂತಿತು.

ಅಷ್ಟರಲ್ಲಿ ಕಾಲುಭಾಗ ಕೆಳಗೆ ಬಿದ್ದಾಗಿತ್ತು. ಯೂಟಾ ಆ ರಾಶಿಯ ಮುಂದೆ ಮೊಣಕಾಲೂರಿ ಒಂದೊಂದಾಗಿ ಹೆಕ್ಕತೊಡಗಿದಳು. ಅನ್ಸಾರ್, ಯೋಗೀಶ್, ಕೊನೆಗೆ ಟಿಪ್ಪರಿನವನೂ ಕೈಹಾಕಿದ. ಬಿದ್ದದ್ದು ಬೀಳದ್ದು ಎಲ್ಲವನ್ನೂ ಮತ್ತೆ ಬಡಿಯಲೇಬೇಕು ಎಂದರು ಬಾಯಿ, ಪೆಟ್ಟು ತಿಂದ ಹಂಚನ್ನು ನಂಬಬಾರದಂತೆ. ಮೇ ತಿಂಗಳ ಉರಿಬಿಸಿಲಿನಲ್ಲಿ ಕೊಡೆ ಹಿಡಿಸಿಕೊಂಡು ಬಡಿದರು. ಗಟ್ಟಿಯದನ್ನು ಯೂಟಾ ಕನ್ನಡದಲ್ಲೇ ಗಟ್ಟಿಯಾಗಿ ಎಣಿಸಿದಳು. ದಾರಿಹೋಕರು ನಿಂತರು, ಯಾರೋ ಮಜ್ಜಿಗೆ ತಂದರು. ಎರಡು ಸಾವಿರ ದಾಟಿದಾಗ ಇನ್ನು ಸ್ವಲ್ಪವೇ ಹಂಚು ಉಳಿದಿತ್ತು. ಎರಡು ಸಾವಿರದ ಎಂಬತ್ತು. ತೊಂಬತ್ತು. ಬಾಯಿಯ ಗೆಣ್ಣು ಸುಲಿದು ರಕ್ತ ಬರುತ್ತಿತ್ತು, ಯೋಗೀಶ್ ಕರ್ಚೀಫು ಕೊಟ್ಟರೆ, ಬಟ್ಟೆ ಕಟ್ಟಿದರೆ ಸದ್ದು ಕೇಳುವುದಿಲ್ಲ ಎಂದು ಗದರಿದರು. ಎರಡು ಸಾವಿರದ ನೂರು! ಅನ್ಸಾರ್ ಶಿಳ್ಳೆ ಹೊಡೆದ. ನಿಂತದ್ದು ಎರಡು ಸಾವಿರದ ನೂರ ಎಪ್ಪತ್ತೊಂದಕ್ಕೆ. ಬಾಯಿಗೆ ನಗುವೂ ಅಳುವೂ ಒಟ್ಟೊಟ್ಟಿಗೆ ಬಂತು.

ಯೋಗೀಶ್ ತಪ್ಪು ತನ್ನದೇ ಎಂದು ಒಸ್ವಾಲ್ಡರೆದುರು ಒಪ್ಪಿಕೊಂಡ. ಶೀಟಿನ ಆರ್ಡರ್ ನಿಂತಿತು, ಆದರೆ ರದ್ದಾಗಲಿಲ್ಲ. ಒಸ್ವಾಲ್ಡ್ ಹಾಗೆಲ್ಲ ಸುಲಭಕ್ಕೆ ಕರಗುವ ಮನುಷ್ಯರಲ್ಲ. ಮೊದಲ ದೊಡ್ಡ ಮಳೆಗೆ ನಾನೇ ಹಾಲಿನಲ್ಲಿ ನಿಂತು ನೋಡುತ್ತೇನೆ, ಹಳೆಯ ಹಂಚು ಸೋರಿದರೆ ಶೀಟೇ ಗತಿ ಎಂದರು. ಕಡಿಮೆ ಬಿದ್ದ ಎಂಟುನೂರು ಚಿಲ್ಲರೆ ಹಂಚನ್ನು ಯೂಟಾಳ ಊರಿನಿಂದ ಬಂದ ಹಳೆಯ ನಕ್ಷೆಯಂತೆ ಇಲ್ಲಿನದೇ ಒಂದು ಕಾರ್ಖಾನೆ ಮಾಡಿಕೊಟ್ಟಿತು. ಹೊಳೆಹೊಳೆವ ಕೆಂಪು ಹಂಚು, ಜೊತೆಗೆ ಮೊಹರು ಒತ್ತಿದ ಕಾಗದ. ಅವನ್ನು ಬಾಯಿಗೆ ತೋರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಜೂನ್ ಐದಕ್ಕೆ ಮಳೆ ಹಿಡಿಯಿತು. ಹಿಡಿದದ್ದೆಂದರೆ, ಎದುರಿನ ರಸ್ತೆಯೇ ಕಾಣದ ಹಾಗೆ. ಹಾಲಿನೊಳಗೆ ಒಸ್ವಾಲ್ಡ್, ಯೋಗೀಶ್, ಯೂಟಾ, ಬಾಯಿ, ಎಲ್ಲರೂ ಕತ್ತೆತ್ತಿ ನಿಂತಿದ್ದರು. ಒಂದು ಗಂಟೆ ಕಳೆಯಿತು, ನೆಲ ಒಣಗಿಯೇ ಇತ್ತು. ಯೂಟಾ ಬಾಯಿಯ ಕೈ ಹಿಡಿದು ಅದುಮಿದಳು. ಆಗಲೇ ಒಸ್ವಾಲ್ಡರ ಬೋಳುತಲೆಯ ಮೇಲೆ ತಪ್ ಎಂದು ಒಂದು ಹನಿ ಬಿತ್ತು.

ಅವರು ತಲೆ ಒರೆಸಿಕೊಂಡು ಮೇಲೆ ನೋಡಿದರು. ಮತ್ತೊಂದು ಹನಿ ಬಿತ್ತು. ಯೋಗೀಶ್ ಏಣಿ ಹಾಕಿ, ಟಾರ್ಚಿನ ಬೆಳಕು ಬಿಟ್ಟು, ಮರದ ರೀಪಿನ ನಡುವೆ ಮುಖ ತೂರಿಸಿ ತುಂಬ ಹೊತ್ತು ನೋಡಿದ. ಹಂಚಿನ ಬಣ್ಣ ಯಾವುದು ಎಂದು ಬಾಯಿ ಕೆಳಗಿನಿಂದ ಕೇಳಿದರು.

“ಕೆಂಪು ಬಾಯಮ್ಮ,” ಎಂದ. “ಹೊಸತು. ಬಿರುಕು ಉಂಟು. ಆದರೆ ಇದಕ್ಕೆ ಕಂಪನಿಯ ಸರ್ಟಿಫಿಕೇಟ್ ಇತ್ತಲ್ಲ?”

ಬಾಯಿ ಉಸಿರು ಬಿಟ್ಟರು.

“ಸರ್ಟಿಫಿಕೇಟನ್ನು ಬಡಿದು ನೋಡಿದ್ರಾ?”

ಒಸ್ವಾಲ್ಡ್ ಮೊದಲ ಬಾರಿಗೆ ನಕ್ಕರು. ಶೀಟಿನ ಆರ್ಡರನ್ನು ಅಲ್ಲೇ ಹರಿದು ಕಿಸೆಗೆ ಹಾಕಿಕೊಂಡರು. ಮಳೆ ಬಿಟ್ಟ ಮೇಲೆ ಹೊಸ ಹಂಚನ್ನೆಲ್ಲ ಇಳಿಸಿ ಒಣಗಿಸಿ ಬಾಯಮ್ಮನ ಮುಂದಿಡಬೇಕು, ಅವರು ಹ್ಞೂಂ ಎನ್ನದೆ ಒಂದೂ ಮೇಲೇರಬಾರದು ಎಂದು ಯೋಗೀಶನಿಗೆ ಹೇಳಿ, ಕೊಡೆ ಬಿಚ್ಚಿ ಹೊರಟರು.