ಮೌನೇಶಾಚಾರಿಯವರ ಬಿಳಿ ಬಟ್ಟೆ

ಹೊಸಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಎಲ್ಲಕ್ಕಿಂತ ಬೆಳ್ಳಗಿನ ಬಟ್ಟೆ ಇದ್ದದ್ದು ಮೆಕ್ಯಾನಿಕ್ ಮೌನೇಶಾಚಾರಿಯವರ ಹೆಗಲ ಮೇಲೆ. ಉಳಿದಂತೆ ಅವರ ಅಂಗಿ, ಚಡ್ಡಿ, ಮೊಣಕೈ, ಕಿವಿಯ ಹಿಂಭಾಗ ಎಲ್ಲವೂ ಎಂಜಿನ್ ಆಯಿಲಿನ ಬಣ್ಣ. ಆ ಬಟ್ಟೆ ಹಳೆಯ ಧೋತರದಿಂದ ಹರಿದ ಎರಡು ಮೊಳದ ತುಂಡು. ಅವರ ಹೆಂಡತಿ ಗಂಗಮ್ಮನವರು ಅದನ್ನು ಚೌಳು ಮಣ್ಣು ಹಾಕಿ ಕುದಿಸಿ, ಕಾಲುವೆಯಲ್ಲಿ ಒಗೆದು, ಬಿಸಿಲಿಗೆ ಹಾಕಿ ಕೊಡುತ್ತಿದ್ದರು. ಅದರಿಂದ ಆಚಾರಿಯವರು ಬೆವರು ಒರೆಸಿದ್ದನ್ನು ನಾನು ನೋಡಿಲ್ಲ. ಎಂಜಿನ್ ರಿಪೇರಿಯಾದ ಮೇಲೆ ಅದನ್ನು ಗಾಡಿಯ ಕೆಳಗೆ ನೆಲದ ಮೇಲೆ ಹಾಸುತ್ತಿದ್ದರು. ಒಂದು ಗಂಟೆಯ ನಂತರ ಅವರು ಬಂದು ಮಂಡಿಯೂರಿ ಅದನ್ನು ನೋಡುತ್ತಿದ್ದರು. ಅದು ಶುಭ್ರವಾಗಿದ್ದರೆ ಗಾಡಿ ಹೊರಡಬಹುದು. ಕಲೆಯಿದ್ದರೆ ಜಿಲ್ಲಾ ಕಲೆಕ್ಟರರೇ ಬಂದರೂ ಹೊರಡುವಂತಿಲ್ಲ.

ನಾನು ಆಗ ಸ್ಟ್ಯಾಂಡಿನ ಟೈಮ್ ಕೀಪರ್. ಬಳ್ಳಾರಿಯ ಹಾಸ್ಟೆಲೊಂದರಲ್ಲಿ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು ಬೆಳೆದವನು. ಹಾಸಿಗೆ ಮಡಚುವಾಗ ಅಂಚಿಗೆ ಅಂಚು ಕೂಡದಿದ್ದರೆ ವಾರ್ಡನ್ ಅದನ್ನು ಬಿಚ್ಚಿಸಿ ಮತ್ತೆ ಮಡಚಿಸುತ್ತಿದ್ದರು. ಆ ಅಭ್ಯಾಸ ಇಂದಿಗೂ ಹೋಗಿಲ್ಲ. ಬಸ್ಸುಗಳನ್ನೂ ಹಾಗೆಯೇ ನಿಮಿಷಕ್ಕೆ ನಿಮಿಷ ಕೂಡಿಸಿ ಬಿಡಬೇಕೆಂಬುದು ನನ್ನ ಹಟ. ಆಚಾರಿಯವರು ನನಗೆ ‘ಟೈಮಪ್ಪ’ ಎಂದು ಹೆಸರಿಟ್ಟಿದ್ದರು. ನಾನು ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವನಾದರೂ ಅವರು ಬಹುವಚನ ಬಿಡುತ್ತಿರಲಿಲ್ಲ. “ಟೈಮಪ್ಪಾರ, ನಿಮ್ಮ ಗಡಿಯಾರಕ್ಕ ಕೀಲಿ ಕೊಟ್ರ ಸಾಕು. ನನ್ನ ಗಾಡಿಗೆ ಸಮಾಧಾನ ಬೇಕು” ಎನ್ನುವರು. ನಾನು ಉತ್ತರವಾಗಿ ಗಡಿಯಾರ ತೆಗೆದು ತೋರಿಸುತ್ತಿದ್ದೆ. ಅವರು ಅದನ್ನು ಕಿವಿಗೆ ಹಿಡಿದು, “ಆರೋಗ್ಯ ಐತಿ” ಎಂದು ಹಿಂದಿರುಗಿಸುತ್ತಿದ್ದರು.

ಅವರದು ಕಂಪ್ಲಿಯ ಕಂಚುಗಾರರ ಮನೆತನ. ಕೊಡ, ಹಂಡೆ, ತಂಬಿಗೆಗಳಿಗೆ ಬೆಸುಗೆ ಹಾಕುತ್ತ ಬೆಳೆದ ಕೈ ಬಸ್ಸಿಗೆ ಬಂದದ್ದು ಆಕಸ್ಮಿಕವಾಗಿ. ಯಾರದೋ ಕಾರಿನ ರೇಡಿಯೇಟರ್ ಸೋರುವುದನ್ನು ನಿಲ್ಲಿಸಿದರಂತೆ, ಕಾರಿನವರು ಅವರನ್ನು ಹೊಸಪೇಟೆಗೆ ಕರೆತಂದು ಬಿಟ್ಟರಂತೆ. ಓದು ಬರಹ ಬಾರದು. ಆದರೆ ಬಟ್ಟೆಯ ಮೇಲಿನ ಹನಿಯನ್ನು ನಾವು ಪತ್ರಿಕೆ ಓದುವಂತೆ ಓದುತ್ತಿದ್ದರು. ಕರ್ರಗೆ ದಪ್ಪಗಿದ್ದರೆ ಅದು ಎಲ್ಲೋ ಅಂಟಿಕೊಂಡಿದ್ದ ಹಳೆಯ ಆಯಿಲ್, ಚಿಂತೆಯಿಲ್ಲ. ಸುತ್ತ ತುಕ್ಕಿನ ಬಳೆಯಿದ್ದರೆ ನೀರು. ಹೊಂಬಣ್ಣದ ತೆಳುವಾದ ಹನಿ ಅಂಚು ಹರಡಿಕೊಂಡು ಕೂತಿದ್ದರೆ, “ಇದು ಹಸಿ ಗಾಯ” ಎಂದು ಮತ್ತೆ ಕೆಳಗೆ ಹೋಗಿ ಮಲಗುವರು.

ಒಮ್ಮೆ ಹಂಪಿ ನೋಡಲು ಬಂದಿದ್ದ ಒಬ್ಬ ಕಂಟ್ರಾಕ್ಟರರು ತಮ್ಮ ಹೊಸ ಕಾರು ಸೋರುವುದೆಂದರೆ ಒಪ್ಪಲೇ ಇಲ್ಲ. ಇಂಗ್ಲಿಷಿನಲ್ಲಿ ಗದರಿದರು. ಆಚಾರಿಯವರು ಏನೂ ಮಾತಾಡದೆ ಬಟ್ಟೆ ಹಾಸಿ, ಅವರನ್ನು ಎದುರಿನ ಹೋಟೆಲಿಗೆ ಕಳಿಸಿದರು. ಉಪ್ಪಿಟ್ಟು ತಿಂದು ಬರುವಷ್ಟರಲ್ಲಿ ಏಳು ಹನಿ. “ನಾ ಏನೂ ಅಂದಿಲ್ರಿ, ಕಾರ ಹೇಳೇತಿ” ಎಂದರು. ಕಂಟ್ರಾಕ್ಟರರು ಆ ದಿನ ವಿರೂಪಾಕ್ಷನ ದರ್ಶನಕ್ಕೆ ಎತ್ತಿನ ಗಾಡಿಯಲ್ಲಿ ಹೋದರು.

ನಮ್ಮ ಸಾಹುಕಾರರ ಬಸ್ಸುಗಳಲ್ಲಿ ಸಂಡೂರಿಗೆ ಹೋಗುತ್ತಿದ್ದದ್ದು ಎಲ್ಲಕ್ಕಿಂತ ಹಳೆಯದು. ನಾವು ಅದನ್ನು ‘ಮುದುಕಿ’ ಎನ್ನುತ್ತಿದ್ದೆವು. ಅದರ ರೇಡಿಯೇಟರಿನ ಮುಂದೆ ತಾಮ್ರದ ಸಣ್ಣ ಕೊಳವೆಗಳ ಒಂದು ಜಾಲರಿ ಇತ್ತು. ಎಂಜಿನಿನ ಕಾದ ಆಯಿಲ್ ಅದರೊಳಗೆ ಹರಿದು, ಗಾಳಿಗೆ ತಣಿದು ಹಿಂದಿರುಗುತ್ತಿತ್ತು. ಆಯಿಲ್ ಕೂಲರ್ ಎಂದು ಅದರ ಹೆಸರು. ಘಾಟಿ ಏರುವಾಗ ಅದಿಲ್ಲದೆ ಮುದುಕಿಗೆ ಉಸಿರಿಲ್ಲ. ಕಲ್ಲು ರಸ್ತೆಯ ಕುಲುಕಾಟಕ್ಕೆ ಆ ಕೊಳವೆಗಳು ಬಿರುಕು ಬಿಡುತ್ತಲೇ ಇದ್ದವು. ಆಗ ಎರಡನೆಯ ಮಹಾಯುದ್ಧದ ಕಾಲ. ಹೊಸದು ಬೇಕೆಂದರೆ ಮದ್ರಾಸಿನಿಂದ ‘ಇಲ್ಲ’ ಎಂಬ ಕಾಗದ ಮಾತ್ರ ಬರುತ್ತಿತ್ತು. ಹೀಗಾಗಿ ಅದು ಆಚಾರಿಯವರ ಬೆಸುಗೆಯ ಮೇಲೆಯೇ ಬದುಕಿತ್ತು.

ಒಂದು ದಿನ ಅದು ಮತ್ತೆ ಸೋರಿತು. ಆಚಾರಿಯವರು ಆ ಮಧ್ಯಾಹ್ನವೇ ಅದನ್ನು ಬಿಚ್ಚಿ, ಸೋಡಾ ನೀರಿನಲ್ಲಿ ಕುದಿಸಿ, ಒಂದು ತುದಿಗೆ ಬೆಣೆ ಹೊಡೆದು, ಇನ್ನೊಂದರಿಂದ ಸೈಕಲ್ ಪಂಪಿನಲ್ಲಿ ಗಾಳಿ ಹಾಕಿ ನೀರಿನಲ್ಲಿ ಮುಳುಗಿಸಿದರು. ಗುಳ್ಳೆ ಎದ್ದ ಕಡೆ ಮೊಳೆಯಿಂದ ಗುರುತು ಮಾಡಿ, ಬೆಸುಗೆ ಹಿಡಿಯಲೆಂದು ನವಸಾಗರ ತಿಕ್ಕಿ, ತವರದ ಬೆಸುಗೆ ಹಾಕಿದರು. ಮರುದಿನ ಬೆಳಿಗ್ಗೆ ಆರಕ್ಕೆ ಜಾಲರಿಯನ್ನು ಕೂಡಿಸಿ, ಎಂಜಿನ್ ಕಾಯುವವರೆಗೆ ಓಡಿಸಿ ನಿಲ್ಲಿಸಿದರು. ಬಟ್ಟೆ ಹಾಸಿದಾಗ ಆರೂ ಮುಕ್ಕಾಲು. ಗಂಟೆ ತುಂಬುವುದು ಏಳೂ ಮುಕ್ಕಾಲಿಗೆ, ಮುದುಕಿ ಹೊರಡಬೇಕಾದದ್ದು ಏಳೂವರೆಗೆ.

“ರೊಟ್ಟಿ ತಿಂದು ಬರ್ತೀನಿ. ನಾ ಬರೋ ತನಕ ಬಟ್ಟಿ ಮುಟ್ಟಬ್ಯಾಡ್ರಿ, ಟೈಮಪ್ಪಾರ” ಎಂದು ಹೇಳಿ ಹೋದರು.

ಹನ್ನೊಂದು ತಿಂಗಳಿಂದ ನನ್ನ ರಿಜಿಸ್ಟರಿನಲ್ಲಿ ಒಂದು ಬಸ್ಸೂ ತಡವಾಗಿ ಹೊರಟಿರಲಿಲ್ಲ. ಇನ್ನೊಂದು ತಿಂಗಳು ಹೀಗೇ ನಡೆದರೆ ವರ್ಷ ತುಂಬುವುದೆಂದು ಸಾಹುಕಾರರು ನಾಲ್ಕು ಜನರ ಮುಂದೆ ಹೇಳಿದ್ದರು. ಏಳೂ ಇಪ್ಪತ್ತೆಂಟಕ್ಕೆ ಪ್ರಯಾಣಿಕರು ಕೂತಾಗಿತ್ತು. ನಾನು ಬಗ್ಗಿ ನೋಡಿದೆ. ಬಟ್ಟೆಯ ನಡುವೆ ಒಂದೇ ಹನಿ, ಜೋಳದ ಕಾಳಿನಷ್ಟು. ಹಳೆಯ ಆಯಿಲ್ ಇದ್ದೀತು ಎಂದುಕೊಂಡೆ. ಅದರ ಬಣ್ಣ ಹೊಂಬಣ್ಣವೆಂದು ಕಣ್ಣಿಗೆ ಕಂಡಿತ್ತು. ಕಂಡದ್ದನ್ನು ಒಪ್ಪಿಕೊಳ್ಳಲು ಎರಡು ನಿಮಿಷ ಬೇಕಿತ್ತು, ಆ ಎರಡು ನಿಮಿಷ ನನ್ನಲ್ಲಿರಲಿಲ್ಲ. ಬಟ್ಟೆ ಎಳೆದು ನಾಲ್ಕು ಮಡಿಕೆ ಮಾಡಿ ಅವರ ಸಾಮಾನಿನ ಪೆಟ್ಟಿಗೆಯ ಮೇಲಿಟ್ಟೆ. ಡ್ರೈವರ್ ಹನುಮಂತಪ್ಪ, “ಆಚಾರ್ರು ಬಟ್ಟಿ ನೋಡಿದ್ರೇನ್ರಿ?” ಎಂದು ಕೇಳಿದ. “ನಾನು ನೋಡಿದೆ, ಏನೂ ಇಲ್ಲ” ಎಂದೆ. ಬಸ್ಸು ಏಳೂವರೆಗೆ ಸರಿಯಾಗಿ ಹೊರಟಿತು.

ಘಾಟಿಯ ಅರ್ಧದಲ್ಲಿ ಆಯಿಲ್ ಪೂರ್ತಿ ಸೋರಿಹೋಗಿ ಎಂಜಿನ್ ಕಚ್ಚಿಕೊಂಡು ನಿಂತಿತು. ಬಸ್ಸು ಹಿಂದಕ್ಕೆ ಸರಿಯತೊಡಗಿದಾಗ ಹನುಮಂತಪ್ಪ ಅದನ್ನು ಗುಡ್ಡದ ಮಗ್ಗುಲಿಗೆ ಆನಿಸಿ ನಿಲ್ಲಿಸಿದ. ದೇವರು ದೊಡ್ಡವನು, ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಒಳಗಿನ ರಾಡು ಮುರಿದು ಎಂಜಿನಿನ ಹೊಟ್ಟೆ ಸೀಳಿತ್ತು. ಯುದ್ಧದ ಕಾಲದಲ್ಲಿ ಅದಕ್ಕೆ ಮದ್ದಿರಲಿಲ್ಲ. ಮುದುಕಿ ಮತ್ತೆ ಓಡಲಿಲ್ಲ.

ಸಂಜೆ ಸಾಹುಕಾರರು ನಮ್ಮ ಮೂವರನ್ನೂ ಆಫೀಸಿಗೆ ಕರೆದರು. ಹನುಮಂತಪ್ಪ ನನ್ನ ಹೆಸರು ಹೇಳಿದ. ಸಾಹುಕಾರರು ನನ್ನ ಕಡೆ ತಿರುಗಿ, ಬಟ್ಟೆಯ ಮೇಲೆ ಏನಿತ್ತು ಎಂದು ಕೇಳಿದರು. ಆಚಾರಿಯವರು ಬಾಗಿಲ ಬಳಿ ನಿಂತಿದ್ದರು, ಹೆಗಲ ಮೇಲೆ ನಾನು ಮಡಚಿದ ಮಡಿಕೆಯಲ್ಲೇ ಆ ಬಟ್ಟೆ. ನಾನು ಅವರನ್ನು ನೋಡದೆ, “ಏನೂ ಇರಲಿಲ್ಲ” ಎಂದೆ.

ಆಮೇಲೆ ಆಚಾರಿಯವರು, “ಟೈಮಪ್ಪಾರು ಏನೂ ಇರಲಿಲ್ಲ ಅಂದ್ರ ಇರಲಿಲ್ರಿ. ಬೆಸುಗಿ ನಂದು” ಎಂದರು. ಸಾಹುಕಾರರು ಇನ್ನು ಮುಂದೆ ತಮ್ಮ ಗಾಡಿಗಳಿಗೆ ಕೈ ಹಚ್ಚಬಾರದೆಂದು ಹೇಳಿದರು. ಊರಿನ ಉಳಿದ ಬಸ್ಸಿನವರಿಗೂ ಮಾತು ಮುಟ್ಟಿತು. ಬಟ್ಟೆ ಬಿಳಿಯಿದ್ದರೂ ಎಂಜಿನ್ ಸತ್ತಿತಂತೆ ಎಂದ ಮೇಲೆ ಆ ಬಟ್ಟೆಯನ್ನು ಯಾರು ನಂಬುತ್ತಾರೆ? ಅವರು ದಿನವೂ ಬಂದು ಪೆಟ್ಟಿಗೆಯ ಮೇಲೆ ಕೂತು ಸಂಜೆ ಏಳುತ್ತಿದ್ದರು. ನಾನು ನನ್ನ ಕೋಣೆಯಿಂದ ನೋಡುತ್ತಿದ್ದೆ. ಏಳನೆಯ ದಿನ ಪೆಟ್ಟಿಗೆ ಇರಲಿಲ್ಲ. ಗಂಡಹೆಂಡಿರು ಕಂಪ್ಲಿಯ ಬಸ್ಸು ಹತ್ತಿದರೆಂದು ಹನುಮಂತಪ್ಪ ಹೇಳಿದ. ನನ್ನ ರಿಜಿಸ್ಟರಿನ ವರ್ಷ ತುಂಬಿತು. ಸಾಹುಕಾರರು ಒಂದು ಶಾಲು ಹೊದಿಸಿದರು. ಅದನ್ನು ನಾನು ಇಂದಿನವರೆಗೆ ಹೊದ್ದಿಲ್ಲ.

ಯುದ್ಧ ಮುಗಿದ ಎರಡು ವರ್ಷಕ್ಕೆ ನಾನು ಕಂಪ್ಲಿಗೆ ಹೋದೆ. ಬೇರೆ ಕೆಲಸದ ನೆವ ಮಾಡಿಕೊಂಡಿದ್ದೆ. ಕೋಟೆಯ ದಾರಿಯ ಮನೆಯ ಕಟ್ಟೆಯ ಮೇಲೆ ಅವರು ಒಂದು ಹಂಡೆಗೆ ಕಲಾಯಿ ಹಾಕುತ್ತಿದ್ದರು. ಕೂದಲು ಪೂರ್ತಿ ನೆರೆತಿತ್ತು. ಹೆಗಲು ಬರಿದಾಗಿತ್ತು. ನನ್ನನ್ನು ಕಂಡು, “ಬರ್ರಿ ಟೈಮಪ್ಪಾರ, ಕುಂದ್ರಿ” ಎಂದು ಒಳಗೆ ಮಜ್ಜಿಗೆಗೆ ಹೇಳಿದರು. ಎಂಜಿನ್ ಕೆಲಸ ಬಿಟ್ಟಿರೇನು ಎಂದು ಕೇಳಿದೆ. ಹಂಡೆ ತುಂಬಿದರೆ ಸೋರುವುದು ಅಲ್ಲೇ ಕಾಣುತ್ತದೆ, ಯಾರಿಗೂ ಬಟ್ಟೆ ಕಾಯಲು ಹೇಳಬೇಕಾಗಿಲ್ಲ ಎಂದರು. ನಗುತ್ತಲೇ ಹೇಳಿದರು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಬಿಟ್ಟು ಮಳೆ ಬೆಳೆ ವಿಚಾರಿಸಿದೆ. ಕೊನೆಗೆ, “ಆಚಾರ್ರೇ, ಆ ದಿನ ಬಟ್ಟೆ...” ಎಂದೆ.

ಅವರು ಕಲಾಯಿಯಿಂದ ಕಣ್ಣೆತ್ತಲಿಲ್ಲ. “ಹನಿ ಹಸಿ ಇದ್ದಾಗ ಮಡಚಿದ್ರಿ. ಬಿಚ್ಚಿದರ ಒಂದು ಹನಿ ನಾಕು ಆಗಿತ್ತು. ಅಂಚಿಗೆ ಅಂಚು ಹಂಗ ಕೂಡಿಸಿ ಮಡಚೋರು ಸ್ಟ್ಯಾಂಡಿನ್ಯಾಗ ಬ್ಯಾರೆ ಯಾರಿದ್ರು?”

ಹಾಗಾದರೆ ಸಾಹುಕಾರರ ಮುಂದೆ ಬಟ್ಟೆ ಬಿಚ್ಚಿ ತೋರಿಸಬಹುದಿತ್ತಲ್ಲ ಎಂದು ನಾನು ಬಹಳ ಕಷ್ಟದಿಂದ ಕೇಳಿದೆ.

“ಬೆಸುಗಿ ಬಿಟ್ಟಿದ್ದು ನಂದ ತಪ್ಪು. ಬಿಡಬಹುದು ಅಂತಾನ ಬಟ್ಟಿ ಹಾಸಿದ್ದೆ. ಉಳಿದ ಮಾತು ನಿಮ್ದು, ನಾ ಹೆಂಗ ಆಡ್ಲಿ? ಹೇಳ್ತೀರಿ ಅಂತ ಆರು ದಿನ ಕುಂತೆ.”

ಗಂಗಮ್ಮನವರು ಮಜ್ಜಿಗೆ ತಂದಿಟ್ಟು, ನನ್ನ ಮುಖ ನೋಡದೆ ಒಳಗೆ ಹೋದರು. ನಾನು ಕುಡಿದೆ. ತಪ್ಪಾಯಿತು ಎಂಬ ಒಂದು ಮಾತನ್ನು ಆಗಲೂ ಆಡಲಿಲ್ಲ. ಆಡುವವನಿದ್ದೆ, ಅಷ್ಟರಲ್ಲಿ ಅವರು ನನ್ನ ಬಸ್ಸು ಎಷ್ಟಕ್ಕೆ ಎಂದು ಕೇಳಿದರು. ನಾಲ್ಕೂ ಹತ್ತಕ್ಕೆ ಎಂದೆ.

“ಹಂಗಾರ ಏಳ್ರಿ. ನಿಮಗ ಟೈಮ್ ತಪ್ಪಬಾರದು.”

ನಾನು ಎದ್ದೆ. ಕೈಮುಗಿದು ಹೊರಟೆ. ನಾಲ್ಕೂ ಹತ್ತರ ಬಸ್ಸು ಅಂದು ಮುಕ್ಕಾಲು ಗಂಟೆ ತಡವಾಗಿ ಬಂತು. ಅಷ್ಟು ಹೊತ್ತೂ ನಾನು ಬೇವಿನ ಮರದ ಕೆಳಗೆ ಗಡಿಯಾರ ನೋಡುತ್ತ ಕೂತಿದ್ದೆ. ಅವರ ಮನೆ ಎರಡು ಫರ್ಲಾಂಗು ದೂರದಲ್ಲಿತ್ತು. ಮುಂದಿನ ಸುಗ್ಗಿಯ ಹೊತ್ತಿಗೆ ಅವರು ತೀರಿಕೊಂಡ ಸುದ್ದಿ ಬಂತು.