ಡಾಕ್ಟರಿಗೆ ಬೇಜಾರಾಗಬಾರದು ಎಂದು

ಭದ್ರಾವತಿ ಓಲ್ಡ್ ಟೌನಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು ನಾನು. ಡಾಕ್ಟರು ಯಾರನ್ನಾದರೂ ಶಿವಮೊಗ್ಗಕ್ಕೆ ಕಳಿಸಬೇಕೆಂದರೆ ವಿವರ ಟೈಪ್ ಮಾಡಿ ಅಲ್ಲಿಯ ಆಸ್ಪತ್ರೆಗೆ ಕಳಿಸುತ್ತೇನೆ. ರೋಗಿ ಡಿಸ್ಚಾರ್ಜ್ ಆದಾಗ, ಅಲ್ಲಿ ಏನು ಮಾಡಿದರು, ಯಾವ ಮಾತ್ರೆ ಕೊಟ್ಟರು ಎಂಬುದೆಲ್ಲ ನನ್ನ ಸ್ಕ್ರೀನಿಗೆ ಬರುತ್ತದೆ. ಚೆನ್ನಾಗಿಯೇ ನಡೆಯುವ ವ್ಯವಸ್ಥೆ. ನಮ್ಮ ಜನರ ದಾಕ್ಷಿಣ್ಯ ಮಾತ್ರ ಅದಕ್ಕೆ ಅರ್ಥವಾಗುವುದಿಲ್ಲ.

ಫ್ಯಾಕ್ಟರಿಯಿಂದ ರಿಟೈರ್ ಆದ ಒಬ್ಬರು ಪ್ರತಿ ತಿಂಗಳು ಹೆಂಡತಿಯ ಜೊತೆ ಬರುತ್ತಿದ್ದರು. ಆಕೆಗೆ ಶುಗರ್. ಇವರಿಗೆ ಬಿಪಿ, ಹಿಂದೊಮ್ಮೆ ಬಾಯಿ ಸೊಟ್ಟಗಾಗಿ ಸರಿಹೋಗಿದ್ದರಿಂದ ರಕ್ತ ತೆಳುವಾಗಿಸುವ ಮಾತ್ರೆಯನ್ನೂ ನಮ್ಮ ಡಾಕ್ಟರೇ ಬರೆದುಕೊಡುತ್ತಿದ್ದರು. ಒಂದು ಸಲ ಬಂದಾಗ ಅವರ ತೋಳಿನ ತುಂಬ ನೇರಳೆ ಕಲೆಗಳು.

“ಇದೇನ್ರೀ, ಯಾರ ಹತ್ರ ಹೊಡೆಸ್ಕೊಂಡ್ರಿ?” ಅಂದೆ.

“ಇವಳ ಹತ್ರಾನೇ ಮಾರಾಯ್ತಿ. ಲಟ್ಟಣಿಗೆ ಬೀಸೋದ್ರಲ್ಲಿ ಎಕ್ಸ್‌ಪರ್ಟು.”

“ಥೂ, ಸುಮ್ನಿರಿ! ಬಾಗ್ಲಿಗೆ ತಾಗಿಸ್ಕೊಂಡ್ರು ಕಣೇ,” ಎಂದರು ಹೆಂಡತಿ.

ಡಾಕ್ಟರು ಕಲೆಗಳನ್ನು ಒತ್ತಿ ನೋಡಿದರು. “ಬೇರೆ ಮಾತ್ರೆ ಏನಾದ್ರೂ ತಗೋತಿದೀರಾ?”

“ನಿಮ್ದು ಬಿಟ್ರೆ ಯಾರ್ದೂ ಇಲ್ಲ ಸಾರ್.”

ಡಾಕ್ಟರು ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಹಬ್ಬ ಕಳೆಯಲಿ ಎಂದು ಇವರು ಮಾಡಿಸಲಿಲ್ಲ.

ಹಬ್ಬ ಕಳೆಯುವ ಮೊದಲೇ ಆಕೆ ಅವರನ್ನು ಆಟೋದಲ್ಲಿ ಕರೆತಂದರು. ಮೈಮೇಲೆಲ್ಲ ವಾಂತಿ, ಒಂದು ಕೈ ಜೋತುಬಿದ್ದಿದೆ, ಮಾತಿಲ್ಲ. “ತಲೇಲಿ ರಕ್ತ ಸೋರ್ತಿರ್ಬೇಕು. ಶಿವಮೊಗ್ಗಕ್ಕೆ ಹಾಕಮ್ಮ, ಬೇಗ,” ಎಂದು ನನಗೆ ಹೇಳಿ, ಡಾಕ್ಟರು ಆಕೆಯ ಕಡೆ ತಿರುಗಿ ಮತ್ತೆ ಮಾತ್ರೆಯ ವಿಷಯ ಕೇಳಿದರು. ಆಕೆ ಚೀಲದಿಂದ ನಾವ್ಯಾರೂ ಕಂಡಿರದ ಮಾತ್ರೆಯ ಸ್ಟ್ರಿಪ್ಪೊಂದನ್ನು ತೆಗೆದರು.

“ಹೊಳಲೂರಲ್ಲಿ ಮಗಳ ಮನೇಲಿದ್ದಾಗ ಎದೆ ಹೊಡ್ಕೊಳಕ್ಕೆ ಶುರುವಾಯ್ತು ಸಾರ್. ಅವ್ಳು ಶಿವಮೊಗ್ಗಕ್ಕೆ ಸೇರ್ಸಿದ್ಲು. ಬಿಡುವಾಗ ಅಲ್ಲಿ ಕೇಳಿದ್ರು, ಊರಲ್ಲಿ ಯಾವ ಡಾಕ್ಟ್ರು, ಯಾವ ಮಾತ್ರೆ, ಅವ್ರಿಗೆ ರಿಪೋರ್ಟ್ ಕಳಿಸ್ತೀವಿ ಅಂತ. ಇವ್ರು ಡಾಕ್ಟ್ರೂ ಇಲ್ಲ, ಮಾತ್ರೇನೂ ಇಲ್ಲ ಅಂದ್ಬಿಟ್ರು.”

“ಯಾಕಮ್ಮ?”

“ನಿಮ್ಮನ್ನ ಕೇಳ್ದೆ ದೊಡ್ಡಾಸ್ಪತ್ರೆಗೆ ಹೋದ್ವಿ ಅಂತ ಗೊತ್ತಾದ್ರೆ ಬೇಜಾರ್ ಮಾಡ್ಕೋತೀರ ಅಂತ.”

ಆ ಮಾತ್ರೆಯೂ ರಕ್ತ ತೆಳುವಾಗಿಸುವುದೇ. ನಮ್ಮದು ಬೆಳಿಗ್ಗೆ, ಶಿವಮೊಗ್ಗದ್ದು ರಾತ್ರಿ, ಎರಡನ್ನೂ ತಪ್ಪದೆ ನುಂಗಿದ್ದರು. ಡಾಕ್ಟರು ಬೈಯಲಿಲ್ಲ. ನಾನು ಎರಡೂ ಮಾತ್ರೆಗಳ ಹೆಸರು ಹಾಕಿ ಕಳಿಸಿದೆ. ಬೆಡ್ ಇದೆ ಎಂದು ಕೂಡಲೇ ಉತ್ತರವೂ ಬಂತು. ಅವರು ಮಾತ್ರ ಅಲ್ಲಿಂದ ಹೆಣವಾಗಿ ಬಂದರು.

ಆಮೇಲೆ ಆಕೆ ತಮ್ಮ ಶುಗರ್ ಮಾತ್ರೆಗೂ ಬರಲಿಲ್ಲ. ತರಕಾರಿ ಅಂಗಡಿಯಲ್ಲಿ ಕಂಡಾಗ ಹೋಗಿ ಅಡ್ಡ ನಿಂತೆ.

“ಮಾತ್ರೆ ಎಲ್ಲಿ ತಗೋತಿದೀರ?”

ಆಕೆ ಬೀನ್ಸ್ ಆರಿಸುತ್ತಲೇ ಇದ್ದರು. “ಯಾವ ಮುಖ ಇಟ್ಕೊಂಡು ಬರ್ಲಿ ಹೇಳು. ಅಷ್ಟು ಒಳ್ಳೆ ಮನುಷ್ಯಂಗೆ ಸುಳ್ಳು ಹೇಳಿದೀವಿ.”

ಎಲ್ಲೂ ತಗೊಳ್ಳುತ್ತಿಲ್ಲ ಎಂದು ಗೊತ್ತಾಯಿತು. ಜನ ತಿರುಗಿ ನೋಡುವ ಹಾಗೆ ಬೈದೆ. ಆಕೆ ಚೀಲ ಎತ್ತಿಕೊಂಡು ಹೊರಟುಹೋದರು.

ಕ್ಲಿನಿಕ್ಕಿಗೆ ಬಂದವಳೇ ಡಾಕ್ಟರಿಗೆ ಹೇಳಿದೆ, ನೀವೇ ಒಮ್ಮೆ ಅವರ ಮನೆಗೆ ಹೋಗಿ ಬನ್ನಿ ಸಾರ್ ಎಂದು. ಅವರು ಕನ್ನಡಕ ತೆಗೆದು ಒರೆಸುತ್ತಾ ಕೂತರು.

“ನಾನೇ ಹೋದ್ರೆ ಆಯಮ್ಮಂಗೆ ಮುಜುಗರ ಆಗಲ್ವೇನಮ್ಮ?”